ಬಲಗಡೆಯ ಕಾಲಂ

ಮೋರೇಶ್ವರ ರೇವಣಕರರ ಪುಸ್ತಕ ಈಗ ನನ್ನ ಮೇಜಿನ ಮೇಲೆ.
ಕೆಂಪು ಬಟ್ಟೆಯ ಬೆನ್ನು, ಗೆದ್ದಲು ಕೊರೆದ ಒಂದು ದಾರಿ,
ಪುಟಕ್ಕೆ ಎರಡೇ ಕಾಲಂ.
ಎಡಕ್ಕೆ ನಾವು. ಬಲಕ್ಕೆ ಲಂಕೆ.
ಪತ್ರಿಕೆಯ ಕಾಗದಕ್ಕೆಂದು ಹೊರದೇಶಕ್ಕೆ
ಯಾರು ಯಾವ ವರ್ಷ ಎಷ್ಟು ಸುರಿದರು ಎಂಬ ಲೆಕ್ಕ.

ಯಾರೂ ಕೇಳಿದ ಲೆಕ್ಕವಲ್ಲ.
ಕಾರವಾರದ ನಮ್ಮದು ವಾರಕ್ಕೊಮ್ಮೆ ನಾಲ್ಕು ಪುಟ;
ಕಾಗದ ಹುಬ್ಬಳ್ಳಿಯಿಂದ, ಅದೂ ಉದ್ದರಿ,
ಅರಬೈಲು ಘಟ್ಟ ಇಳಿಯುವಷ್ಟರಲ್ಲಿ ಅಂಚು ಒದ್ದೆ.

ಶುರುವಾದದ್ದು ಒಂದು ಹಡಗು ಕೆಟ್ಟು.
ಬೈತಖೋಲದಲ್ಲಿ ಹನ್ನೊಂದು ದಿನ ನಿಂತ ಹಡಗಿನಿಂದ
ವಿಮಲಸೇನ ಎಂಬ ಗುಮಾಸ್ತ ಪ್ರೆಸ್ಸಿಗೆ ಬಂದ,
ಓದಲು ಏನಾದರೂ ಇದೆಯಾ ಎಂದು.
ಕನ್ನಡ ಬಾರದು.
ಆದರೂ ನಮ್ಮ ಹಾಳೆ ಮೂಗಿಗೆ ಹಿಡಿದು
'ನಮ್ಮಲ್ಲೂ ಇದೇ ವಾಸನೆ' ಅಂದನಂತೆ.
ಇಬ್ಬರೂ ಲೆಕ್ಕದವರು. ಶೆಟ್ಲಿ ಸುಕ್ಕಾ ತಿಂದ ಕೈ ಒಣಗುವ ಮೊದಲೇ
ಹರಕು ಇಂಗ್ಲಿಷಿನಲ್ಲಿ ಪಂಥ ಕಟ್ಟಿದರು:
ಓದಿಗೆ ಹೆಚ್ಚು ಖರ್ಚು ಮಾಡುವ ದೇಶ ಯಾವುದು?
ಸೋತವರಿಂದ ಗೆದ್ದವರಿಗೆ ವರ್ಷಕ್ಕೊಂದು ಪೊಟ್ಟಣ.
ಅಲ್ಲಿಂದಾದರೆ ಚಹಾ, ಇಲ್ಲಿಂದಾದರೆ ಗೋಡಂಬಿ.

ಮೊದಲ ವರ್ಷವೇ ಜಗಳ.
'ಆನೆಯನ್ನೂ ಅಳಿಲನ್ನೂ ಒಂದೇ ತಕ್ಕಡಿಗೆ ಹಾಕುತ್ತೀಯಾ?'
ಸರಿ, ತಲೆಗೆ ಭಾಗಿಸಿದರು.
ಅಳಿಲು ಗೆದ್ದಿತು, ಗೋಡಂಬಿ ಹೋಯಿತು.
ಅವರದೂ ರೂಪಾಯಿ, ನಮ್ಮದೂ ರೂಪಾಯಿ,
ಹೆಸರೊಂದೇ, ಕಸು ಬೇರೆ; ಅದಕ್ಕೇ ಡಾಲರಿನಲ್ಲಿ ಅಳೆದರು.
ನಡುವೆ ಒಂದು ವರ್ಷ ಎರಡೂ ಕಾಲಂ ಜಿಗಿದಿವೆ.
ರೇವಣಕರರು ಖುಷಿಯಿಂದ ಅಡಿಗೆರೆ ಎಳೆದು
ಆಮೇಲೆ ಪೆನ್ಸಿಲಿನಲ್ಲಿ, ಸಣ್ಣಗೆ:
'ಏರಿದ್ದು ದರ. ಕಾಗದ ಕಡಿಮೆಯೇ ಬಂದಿದೆ.
ಬಾಂಗಡೆ ತುಟ್ಟಿಯಾದ ವರ್ಷ
ಹೊಟ್ಟೆ ತುಂಬ ಬಾಂಗಡೆ ತಿಂದೆವು ಎಂದಂತೆ ಇದು.'

ನಾನು ಕರಡು ತಿದ್ದುವವಳು.
ಆ ಸಾಲನ್ನು ಮೂರು ಸಲ ಓದಿದೆ. ಪೆನ್ನು ಮುಚ್ಚಿಟ್ಟೆ.

ಆಮೇಲೆ ಇಳಿತ, ಎರಡೂ ಕಡೆ.
ಜನ ಹೆಬ್ಬೆರಳಿನಲ್ಲಿ ಓದತೊಡಗಿದ್ದರು.
ಯಾರು ಗೆದ್ದರೆಂದು ಯಾರೂ ಬರೆದಿಲ್ಲ;
ಪೊಟ್ಟಣಗಳು ಮಾತ್ರ ಎರಡೂ ದಿಕ್ಕಿನಲ್ಲಿ.

ಅಲ್ಲಿ ಡಾಲರು ತೀರಿದ ವರ್ಷ
ಲಕೋಟೆಯಲ್ಲಿ ಅಂಕಿ ಬರಲಿಲ್ಲ.
ಒಂದು ಗೇಣು ಅಚ್ಚಾಗದ ಕಾಗದ, ಜೊತೆಗೆ ಎರಡು ಸಾಲು:
'ಇದು ಕೊನೆಯ ರೀಲಿನ ಬಾಲ. ಮಕ್ಕಳ ಪರೀಕ್ಷೆಗೂ ಕಾಗದವಿಲ್ಲ.
ಈ ಸಲ ಸೋತವನು ನಾನು, ಚಹಾ ಬಾಕಿ.'
ಸೊನ್ನೆ ಬರೆಯಬಹುದಿತ್ತು.
ರೇವಣಕರರು ಆ ಗೇಣಿಗೇ ಗೋಂದು ಹಚ್ಚಿ
ಬಲಗಡೆ ಅಂಟಿಸಿದ್ದಾರೆ.
ಅಗಲ ಹೆಚ್ಚಾಗಿ
ನಮ್ಮ ಅಂಕಿಯೂ ಅರ್ಧ ಮುಚ್ಚಿದೆ.

ನಿನ್ನೆ ಮೀನುಪೇಟೆಯಲ್ಲಿ ಸುಮಿತ್ರಾ ತಾಂಡೇಲ
ತಾರ್ಲೆ ಸುತ್ತಿಕೊಟ್ಟ ಕಾಗದದಲ್ಲಿ ನಮ್ಮ ಅಕ್ಷರವಿರಲಿಲ್ಲ.
ಸೊನ್ನೆ, ಕಡ್ಡಿ, ಚೌಕ;
ಯಾವುದೋ ದೇಶ ಓದದೆ ಮಿಗಿಸಿದ್ದು,
ಮಡಿಕೆ ಕೂಡ ಬಿಚ್ಚದ್ದು,
ಮೂಟೆಯಾಗಿ ಸಮುದ್ರ ದಾಟಿ ಕಿಲೋ ಲೆಕ್ಕದಲ್ಲಿ ಬಂದದ್ದು.
ಇದಕ್ಕೆ ಎಷ್ಟು ಕೊಟ್ಟೆ, ಅಂದೆ.
'ಮೀನಿನ ದರ ಕೇಳುವುದು ಬಿಟ್ಟು ಕಾಗದದ್ದು ಕೇಳ್ತೀರಲ್ಲ ಬಾಯೀ!'
ನಗುತ್ತ ಎರಡು ತಾರ್ಲೆ ಮೇಲೆ ಹಾಕಿದಳು.
ಇದು ಯಾವ ಕಾಲಮ್ಮಿಗೆ?

ಮಾರ್ಚ್ ಬಂತು.
ರೇವಣಕರರ ಕನ್ನಡಕದ ಡಬ್ಬಿ ಇನ್ನೂ ಡ್ರಾಯರಿನಲ್ಲೇ ಇದೆ.
ಲಕೋಟೆ ಬಾರದೆ ಎರಡು ವರ್ಷವಾಯಿತು,
ಆ ಕಡೆ ಯಾರಿದ್ದಾರೋ.
ಅರ್ಧ ಕಿಲೋ ಗೋಡಂಬಿ ತೂಗಿಸಿ
ವಿಳಾಸ ನೋಡಿ ನೋಡಿ ಬರೆದು
ಸುತ್ತಲು ಹಾಳೆ ಹುಡುಕಿದೆ.
ಕಳೆದ ವಾರದ ಸಂಚಿಕೆ ಸಿಕ್ಕಿತು,
ಮೂರನೆಯ ಪುಟದಲ್ಲಿ ನಾನೇ ಬಿಟ್ಟ ಒಂದು ತಪ್ಪು.
ಇರಲಿ,
ಅವನಿಗೆ ಕನ್ನಡ ಬಾರದು.